ಅರಗಿನ ಬಟ್ಟಲಿನಲ್ಲಿ ಬಿಸಿ ಗಂಜಿ

ಥಪ್!

ಈ ಶಬ್ದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಬೆಳಗಿನ ಪ್ರೇಯರ್ ಮುಗಿಸಿ, ತಟ್ಟೆ ಹಿಡಿದು ಸಾಲಾಗಿ ನಿಂತರೆ, ಮೆಸ್ ಸಿಸ್ಟರ್ ಉದ್ದನೆಯ ಸೌಟಿನಿಂದ ಗೋಧಿ ನುಚ್ಚಿನ ಪಾರಿಜ್ ಅನ್ನು ನಮ್ಮ ತಟ್ಟೆಗೆ ಎಸೆಯುತ್ತಿದ್ದರು. ಬಡಿಸುವುದಲ್ಲ, ಎಸೆಯುವುದು. ಥಪ್! ತಟ್ಟೆ ಹಿಡಿದ ಕೈ ಒಂದು ಗೇಣು ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಆ ಪಾರಿಜ್ ಎಷ್ಟು ನಿಷ್ಠಾವಂತ ಪದಾರ್ಥವೆಂದರೆ, ತಟ್ಟೆಯನ್ನು ತಲೆಕೆಳಗು ಮಾಡಿದರೂ ತಟ್ಟೆಯನ್ನು ಬಿಡುತ್ತಿರಲಿಲ್ಲ. ನಾನು ಊಹಿಸಿ ಹೇಳುತ್ತಿಲ್ಲ. ಲಿಲ್ಲಿ ಮಾಡಿ ನೋಡಿದ್ದಳು.

ಲಿಲ್ಲಿ ಮಾಗಡಿಯವಳು. ನಿಜವಾದ ಹೆಸರು ಲೀಲಾವತಿ. ಸಿಸ್ಟರುಗಳ ನಾಲಿಗೆಗೆ ಅಷ್ಟು ಉದ್ದದ ಹೆಸರು ಹೊರಳದೆ ಲಿಲ್ಲಿಯಾದಳು. ನಾನು ಕನಕಪುರದ ಸರೋಜ. ಇಬ್ಬರದೂ ಅಕ್ಕಪಕ್ಕದ ಹಾಸಿಗೆ, ಅಕ್ಕಪಕ್ಕದ ತಟ್ಟೆ. ಅವಳು ತನ್ನ ಪಾಲು ತಿಂದು ನನ್ನ ಪಾಲಿಗೂ ಕೈ ಹಾಕುತ್ತಿದ್ದಳು, ಅಂಥ ಹೊಟ್ಟೆ! ಆ ಬೂದು ಬಣ್ಣದ ಪಾರಿಜ್ ಗಂಟಲಲ್ಲಿ ಇಳಿಯಲೆಂದು ನಾವಿಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದೆವು. ಕಣ್ಣು ಮುಚ್ಚಿಕೊಂಡು, "ಇವತ್ತು ಮೇಲೇನು?" ಎಂದು ಒಬ್ಬಳು ಕೇಳಬೇಕು. "ಸ್ಟ್ರಾಬೆರಿ! ಕ್ರೀಮ್! ಹನಿ!" ಎಂದು ಇನ್ನೊಬ್ಬಳು ಹೇಳಬೇಕು. ಆಮೇಲೆ ನುಂಗಬೇಕು. ಸ್ಟ್ರಾಬೆರಿಯನ್ನು ನಾವಿಬ್ಬರೂ ಕಂಡವರಲ್ಲ. ಲೈಬ್ರರಿಯ ಕಥೆಪುಸ್ತಕದಲ್ಲಿ ಅದರ ಚಿತ್ರವಿತ್ತು, ಅದೂ ಬ್ಲಾಕ್ ಅಂಡ್ ವೈಟ್!

ಇಷ್ಟು ಪೀಠಿಕೆ ಯಾಕೆಂದರೆ, ಹೋದ ಬೇಸಿಗೆಯಲ್ಲಿ ಲಿಲ್ಲಿಯ ಮಗಳು ಶೋಭಾ ಫೋನ್ ಮಾಡಿದಳು.

"ಆಂಟಿ, ನಮ್ಮೆಜಮಾನ್ರಿಗೆ ಮಂಗಳೂರಿಗೆ ಟ್ರಾನ್ಸ್‌ಫರ್ ಆಯ್ತು. ಅವರು ಆಗಲೇ ಹೋಗಿದ್ದಾರೆ. ನಾನು ಅಮ್ಮನ್ನ ಕಾರಲ್ಲಿ ಕರ್ಕೊಂಡು ಹೊರಡ್ತಿದ್ದೀನಿ. ಮೈಸೂರು ದಾರೀಲೇ ಬಂದು ನಿಮ್ಮನ್ನ ನೋಡ್ಕೊಂಡೇ ಹೋಗ್ಬೇಕಂತೆ ಅಮ್ಮಂಗೆ."

"ಬರಲಿ, ಬರಲಿ! ಊಟಕ್ಕೇ ಬನ್ನಿ!"

"ಊಟ..." ಶೋಭಾಳ ದನಿ ಇಳಿಯಿತು. "ಅದೇ ಆಂಟಿ ಪ್ರಾಬ್ಲಮ್ಮು. ಆಪರೇಷನ್ ಆದ್ಮೇಲೆ ಅಮ್ಮ ಊಟಾನೇ ಬಿಟ್ಬಿಟ್ಟಿದ್ದಾರೆ. ಏನು ಕೊಟ್ರೂ ಎರಡು ತುತ್ತು, 'ಚೆನ್ನಾಗಿದೆ ಕಣೇ' ಅಂತಾರೆ, ತಟ್ಟೆ ಪಕ್ಕಕ್ಕಿಡ್ತಾರೆ. ಹೊಟ್ಟೇಲಿ ಏನೂ ತೊಂದ್ರೆ ಇಲ್ವಂತೆ. ಆದ್ರೆ ಹೀಗೇ ತಿನ್ನದೆ ಇದ್ರೆ ಮೇಲೇಳಲ್ಲ ಅಂದ್ಬಿಟ್ರು ಡಾಕ್ಟ್ರು. ನಂಗೆ ಭಯ ಆಗ್ತಿದೆ ಆಂಟಿ."

"ಶೋಭಾ, ಡೋಂಟ್ ವರಿ! ನಿಮ್ಮಮ್ಮ ನಮ್ಮನೆಯಿಂದ ಹೊರಡೋ ಹೊತ್ತಿಗೆ ಒಂದು ಬಟ್ಟಲು ಪೂರ್ತಿ ಖಾಲಿ ಮಾಡಿರ್ತಾಳೆ. ದಿಸ್ ಈಸ್ ಮೈ ಪ್ರಾಮಿಸ್!"

ನೋಡಿ, ಎಷ್ಟು ಸಲೀಸಾಗಿ ಬಂತು ಬಾಯಿಂದ! ಫೋನ್ ಇಡುವಷ್ಟರಲ್ಲಿ ನನ್ನ ತಲೆಯಲ್ಲಿ ಇಡೀ ಪ್ಲಾನ್ ಸಿದ್ಧವಾಗಿತ್ತು. ಪಾರಿಜ್! ಹಾಸ್ಟೆಲ್ಲಿನಲ್ಲಿ ಕಣ್ಣು ಮುಚ್ಚಿ ತಿಂದದ್ದನ್ನೆಲ್ಲ ಈಗ ಕಣ್ಣು ತೆರೆದು ತಿನ್ನಿಸುತ್ತೇನೆ. ಮೇಲೆ ನಿಜವಾದ ಸ್ಟ್ರಾಬೆರಿ, ನಿಜವಾದ ಕ್ರೀಮ್, ನಿಜವಾದ ಹನಿ. ಲಿಲ್ಲಿ ತಿನ್ನದೆ ಎಲ್ಲಿ ಹೋಗುತ್ತಾಳೆ?

ನಮ್ಮ ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಅಕ್ಕೂರಿನ ಕಡೆಯವರು. ಹಿಪ್ಪುನೇರಳೆ ತೋಟದಲ್ಲಿ ಬೆಳೆದವರು. ಈಗ ಚನ್ನಪಟ್ಟಣದ ಮನೆಯಲ್ಲಿದ್ದರೂ ಬೆಳಿಗ್ಗೆ ಒಂದು ಚೊಂಬು ಅಂಬಲಿ, ಜೊತೆಗೆ ಒಂದು ಈರುಳ್ಳಿ ಕಚ್ಚದಿದ್ದರೆ ಅವರಿಗೆ ಸೂರ್ಯ ಹುಟ್ಟುವುದಿಲ್ಲ. ಖುಷಿಯಾದಾಗ ನನ್ನನ್ನು 'ಅಮ್ಮಿ' ಎನ್ನುತ್ತಾರೆ, ಕಿಚಾಯಿಸುವಾಗ 'ಮೇಡಮ್ನೋರು' ಎನ್ನುತ್ತಾರೆ.

"ಮೇಡಮ್ನೋರೇ, ಹುಷಾರಿಲ್ದೋಳಿಗೆ ಒಸಿ ಗಂಜಿ ಕಾಯ್ಸಿ ಕೊಡಕ್ಕೆ ಇಷ್ಟೊಂದು ಎಗರಾಡ್ತೀಯಲ್ಲ?"

"ಗಂಜಿ ಅಲ್ಲ ರೀ, ಪಾರಿಜ್!"

"ಏನ್ ವ್ಯತ್ಯಾಸ?"

"ಗಂಜಿಗೆ ಉಪ್ಪಿನಕಾಯಿ. ಪಾರಿಜ್‌ಗೆ ಟಾಪಿಂಗ್!"

"ಓಹೋ! ಅಂಗಾರೆ ನಾನು ಈರುಳ್ಳಿ ಟಾಪಿಂಗ್ ಮಾಡ್ಕಂಡು ತಿಂತಾ ಇವ್ನಿ, ಹುಟ್ಟಿದಾಗ್ನಿಂದ!"

ಅಂಥವರ ಮಾತಿಗೆ ಉತ್ತರಿಸುವುದು ಡಿಗ್ನಿಟಿಗೆ ತಕ್ಕದ್ದಲ್ಲ. ಮರುದಿನದಿಂದಲೇ ಟ್ರಯಲ್ ಆರಂಭವಾಯಿತು. ಪ್ರಯೋಗಕ್ಕೆ ಒಳಪಟ್ಟ ಪ್ರಾಣಿ ನಮ್ಮ ಯಜಮಾನರು. ಓಟ್ಸ್ ಬೇಯಿಸಿ, ಬಾದಾಮಿ ಚೂರು ಉದುರಿಸಿ ಮುಂದಿಟ್ಟೆ. ಚಮಚ ಎತ್ತಿ, ಓಟ್ಸ್ ದಾರದಂತೆ ಇಳಿಯುವುದನ್ನು ನೋಡಿ, "ಯಾವ ಗೋಡೆಗೆ ಪೋಸ್ಟರ್ ಅಂಟುಸ್ಬೇಕು?" ಎಂದರು. ಸಾಮೆ ಅಕ್ಕಿಯದು ಮಾಡಿ ಖರ್ಜೂರ ಹಾಕಿದೆ. "ಇದು ಪಾಯ್ಸನೋ, ಪೊಂಗಲ್ಲೋ ಅನ್ನೋದು ಅದುಕ್ಕೇ ಗೊತ್ತಿಲ್ಲ, ಪಾಪ" ಎಂದರು. ಸೂಪರ್ ಮಾರ್ಕೆಟ್ಟಿನಿಂದ ಚಿಯಾ ಸೀಡ್ಸ್ ಎಂಬ ಹೊಸ ವಸ್ತು ತಂದು, ಎಷ್ಟು ನೆನೆಸಬೇಕೆಂದು ತಿಳಿಯದೆ ಪ್ಯಾಕೆಟ್ಟನ್ನೇ ಬೋಗುಣಿಗೆ ಸುರಿದು ನೀರು ಹಾಕಿ ಮಲಗಿದೆ. ಬೆಳಿಗ್ಗೆ ಅಡುಗೆಮನೆಯಿಂದ ಯಜಮಾನರ ಕೂಗು!

"ಲೇ ಅಮ್ಮೀ! ಕಪ್ಪೆ ಮೊಟ್ಟೆ ತಂದು ಯಾಕ್ ಮಡಗಿದ್ದೀಯೆ?"

ಚಿಯಾ ಉಬ್ಬಿ, ಬೋಗುಣಿಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತು, ಕಟ್ಟೆಯ ಮೇಲೆ ನಿಧಾನವಾಗಿ ಪ್ರವಾಸ ಹೊರಟಿತ್ತು.

"ಸೂಪರ್ ಫುಡ್ ರೀ ಅದು!"

"ಸೂಪರ್ರೇ ಇರ್ಬೋದು ಕಣಮ್ಮಿ. ಆದ್ರೆ ಅದು ನನ್ನೇ ನೋಡ್ತಾ ಐತೆ!"

ಚಿಯಾ ರದ್ದಾಯಿತು. ಕೊನೆಗೆ ರಾಗಿಯೇ ಗೆದ್ದಿತು. ಟು ಬಿ ಫ್ರಾಂಕ್, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವ ತನಕ ಹುರಿದು ಬೀಸಿದ ರಾಗಿ ಹಿಟ್ಟಿನ ಪರಿಮಳದ ಮುಂದೆ ಓಟ್ಸ್ ಯಾವ ಲೆಕ್ಕ? ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿ, ಆಮೇಲೆ ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಬಿಟ್ಟು, ಕೈ ಬಿಡದೆ ತಿರುವಿದರೆ ರೇಷ್ಮೆಯಂತೆ ಬರುತ್ತದೆ. ಒಂದು ಚಿಟಿಕೆ ಉಪ್ಪು, ಅಷ್ಟೇ. ಸಿಹಿಯೆಲ್ಲ ಮೇಲಿನ ಅಲಂಕಾರದಿಂದ ಬರಬೇಕು. ಇದು ನನ್ನ ಪಾಲಿಸಿ.

ಹೀಗೆ ಪಾರಿಜ್ ತೀರ್ಮಾನವಾಯಿತು. ಬಡಿಸುವುದು ಯಾವುದರಲ್ಲಿ? ಸ್ಟೀಲ್ ಬಟ್ಟಲಿನಲ್ಲೇ? ಛೇ! ಲೋಕವೇ ನಮ್ಮೂರಿನ ಬಣ್ಣದ ಮರದ ಸಾಮಾನಿಗೆ ಮರುಳಾಗಿರುವಾಗ ನಾನು ಸ್ಟೀಲಿನಲ್ಲಿ ಬಡಿಸುವುದೆ? ಪೇಟೆಗೆ ಹೋಗಿ ಕೆಂಪು, ಹಳದಿ, ಹಸಿರು ಬಟ್ಟಲುಗಳನ್ನು ಆರಿಸಿದೆ. ಒಂದೊಂದಕ್ಕೂ ಅದೇ ಬಣ್ಣದ ಚಮಚ. ಫಳಫಳ ಹೊಳೆಯುತ್ತಿದ್ದವು! ಅಂಗಡಿಯವನು, "ಅಮ್ಮ, ಇದು ಒಣ ಸಾಮಾನು ಹಾಕಕ್ಕೆ..." ಎಂದು ಏನೋ ಶುರು ಮಾಡಿದ. ನಾನು ಅಷ್ಟರಲ್ಲಿ, "ಐ ನೋ, ಐ ನೋ! ನ್ಯಾಚುರಲ್ ಅರಗು, ನ್ಯಾಚುರಲ್ ಬಣ್ಣ, ಮಕ್ಕಳು ಬಾಯಿಗಿಟ್ಟರೂ ಏನಾಗಲ್ಲ" ಎಂದು ಅವನ ಸಾಮಾನಿನ ಬಗ್ಗೆ ಅವನಿಗೇ ಒಂದು ಸಣ್ಣ ಭಾಷಣ ಮಾಡಿ ಬಂದೆ. ಅವನು ಕಟ್ಟಿಕೊಟ್ಟ. ಇನ್ನೇನು ಮಾಡಿಯಾನು?

ಆ ದಿನ ಬಂದೇ ಬಂತು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಕೈಯಲ್ಲಿ ಹಿಟ್ಟಿನ ಡಬ್ಬಿ. ಫೋನ್ ರಿಂಗಾಯಿತು. "ಆಂಟಿ, ರಾಮನಗರ ದಾಟಿದ್ವಿ!" ಎಂದಳು ಶೋಭಾ. "ಬಂದ್ಬಿಟ್ರಾ?" ಎಂದು ನಾನು ಕುಣಿದಾಡಿದ ಉತ್ಸಾಹದಲ್ಲಿ, ತಣ್ಣೀರಿನಲ್ಲಿ ಕಲಸಬೇಕಾದ ಹಿಟ್ಟು ನೇರವಾಗಿ ಕುದಿಯುವ ನೀರಿಗೆ ಹಾರಿತು. ರೇಷ್ಮೆಯಂಥ ಪಾರಿಜ್ ಬದಲು ರೇಷ್ಮೆಗೂಡಿನಂಥ ಗಂಟುಗಳು ತೇಲತೊಡಗಿದವು! ಒಂದನ್ನು ಸೌಟಿನಿಂದ ಅಮುಕಿದರೆ ಒಳಗಿಂದ ಒಣ ಹಿಟ್ಟು ಪುಸ್ ಎನ್ನುತ್ತಿತ್ತು.

ಮಿಕ್ಸಿಗೆ ಹಾಕಿದೆ. ಬಿಸಿ ಗಂಜಿಯನ್ನು ಮಿಕ್ಸಿಗೆ ಹಾಕಬಾರದೆಂದು ನನಗೆ ಗೊತ್ತು. ಮಿಕ್ಸಿಗೂ ಗೊತ್ತಿತ್ತು. ಮುಚ್ಚಳ ಹಾರಿ, ಪಾರಿಜ್ ಸೀಲಿಂಗಿಗೆ ಹೋಗಿ, ಅಲ್ಲಿಂದ ಆಗಷ್ಟೇ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದ ಯಜಮಾನರ ಹೆಗಲ ಮೇಲೆ ಇಳಿಯಿತು.

"ಇಕ್ಕೋ! ಟಾಪಿಂಗು ನನ್ ಮೇಲೇ ಬಿತ್ತು!" ಎಂದರು ಅವರು.

ಉಳಿದದ್ದು ನೀರಾಗಿತ್ತು. ಹಿಟ್ಟು ಸೇರಿಸಿದೆ. ಗಟ್ಟಿಯಾಯಿತು. ನೀರು ಹಾಕಿದೆ. ತೆಳುವಾಯಿತು. ಮತ್ತೆ ಹಿಟ್ಟು, ಮತ್ತೆ ನೀರು. ಪಾತ್ರೆ ಸಾಲದೆ ಬೋಗುಣಿ, ಬೋಗುಣಿ ಸಾಲದೆ ದೊಡ್ಡ ತಪ್ಪಲೆ. ಪಕ್ಕದ ಮನೆಯ ಪುಟ್ಟತಾಯಮ್ಮ ವಾಸನೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು.

"ಸರೋಜಕ್ಕೋ, ಯಾವೂರ್ಗೆ ಪ್ರವಾಹ ಬಂದದೆ?"

"ಯಾಕೆ?"

"ಅಲ್ಲಾ, ಗಂಜಿ ಕೇಂದ್ರ ತೆಗ್ದಂಗೈತಲ್ಲ!"

"ಫ್ರೆಂಡ್ ಬರ್ತಿದ್ದಾಳೆ ಪುಟ್ಟತಾಯಮ್ಮ, ಒಬ್ಬಳು ಫ್ರೆಂಡು!"

"ಒಬ್ರಿಗಾ?" ಪುಟ್ಟತಾಯಮ್ಮ ತಪ್ಪಲೆಯನ್ನೂ ನನ್ನನ್ನೂ ನೋಡಿದರು. "ಅವ್ರು ಏನ್ ಆನೆ ಮೇಲ್ ಬತ್ತಾವ್ರಾ, ಆನೇನೇ ಬತ್ತಾ ಐತಾ?"

ಹೊರಗೆ ಕಾರಿನ ಹಾರ್ನ್ ಆಯಿತು. ಆ ಕ್ಷಣದಲ್ಲಿ ನನಗೆ ಕಾನ್ವೆಂಟಿನ ಒಂದು ಪಾಠ ನೆನಪಾಯಿತು. ಬಿಸಿ ಪದಾರ್ಥವನ್ನು ತಣ್ಣನೆಯ ಪಿಂಗಾಣಿಯಲ್ಲಿ ಬಡಿಸುವುದು ಬ್ಯಾಡ್ ಮ್ಯಾನರ್ಸ್, ಪ್ಲೇಟುಗಳನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು! ಹೊಸ ಬಟ್ಟಲು, ಚಮಚಗಳನ್ನೆಲ್ಲ ಕುದಿಯುವ ನೀರಿನಲ್ಲಿ ಮುಳುಗಿಸಿ ಎತ್ತಿದೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ನ್ಯಾಚುರಲ್ ಬಣ್ಣವಲ್ಲವೆ, ಸ್ವಲ್ಪ ಬಿಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಒಂದೊಂದು ಬಟ್ಟಲಲ್ಲೂ ಅದರದೇ ಚಮಚ ಇಟ್ಟು, ಕಸೂತಿ ಹಾಕಿದ ಬಿಳಿಯ ಟೇಬಲ್ ಕ್ಲಾತಿನ ಮೇಲೆ ಜೋಡಿಸಿ, ಬಾಗಿಲಿಗೆ ಓಡಿದೆ.

ಲಿಲ್ಲಿ ಕಾರಿನಿಂದ ಇಳಿದಳು. ಓಡಿಹೋಗಿ ತಬ್ಬಿಕೊಂಡೆ. ಸೀರೆ ಸಿಕ್ಕಿತು, ಲಿಲ್ಲಿ ಸಿಗಲಿಲ್ಲ. ಅಷ್ಟು ಸಣ್ಣಗಾಗಿದ್ದಳು. ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಕಣ್ಣುಗಳು ಮಾತ್ರ ಹಳೆಯವೇ.

"ಸರೂ, ನಿನ್ನ ಕೂದಲಲ್ಲಿ ಏನೋ ಇದೆ ಕಣೇ."

"ಪಾರಿಜ್," ಎಂದೆ.

"ಇಷ್ಟು ವಯಸ್ಸಾದರೂ ಬಾಯಿಗೆ ಹಾಕೋದು ಕಲೀಲಿಲ್ವಾ?"

ಇಬ್ಬರೂ ನಕ್ಕೆವು. ಅವಳ ನಗುವಿಗೆ ಉಸಿರು ಸಾಲುತ್ತಿರಲಿಲ್ಲ. ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದಳು, ಪ್ರಾಮಿಸ್ ನೆನಪಿದೆಯಾ ಎನ್ನುವಂತೆ. ನೆನಪಿಲ್ಲದೆ ಏನು!

ಟೇಬಲ್ಲಿಗೆ ಕೂರಿಸಿದೆ. ಲಿಲ್ಲಿಗೆ ಕೆಂಪು ಬಟ್ಟಲು, ಶೋಭಾಳಿಗೆ ಹಳದಿ, ಯಜಮಾನರಿಗೆ ಹಸಿರು. ಹೊಗೆಯಾಡುವ ರಾಗಿ ಪಾರಿಜ್, ಮೇಲೆ ಕ್ರೀಮು, ಮಧ್ಯೆ ಸ್ಟ್ರಾಬೆರಿ, ಸುತ್ತ ಜೇನುತುಪ್ಪದ ಧಾರೆ. ಅಹಾ! ಫೋಟೋ ತೆಗೆಯಬೇಕು, ಹಾಗಿತ್ತು. "ಲಿಲ್ಲೀ, ಕಣ್ಣು ಮುಚ್ಚು. ಇವತ್ತು ಮೇಲೇನು? ಈಗ ಕಣ್ಣು ಬಿಡು!" ಎಂದೆ.

ಲಿಲ್ಲಿ ಕಣ್ಣು ಬಿಟ್ಟಳು. ಬಟ್ಟಲನ್ನು ನೋಡಿದಳು. ಚಮಚಕ್ಕೆ ಕೈ ಹಾಕಿದಳು.

ಚಮಚ ಬರಲಿಲ್ಲ.

"ಸರೂ, ಇದು ಶೋಗೆ ಇಟ್ಟಿರೋದಾ?"

"ಎಳಿ, ಎಳಿ!" ಎಂದೆ. ಎಳೆದಳು. ಬಟ್ಟಲೂ ಜೊತೆಗೆ ಎದ್ದಿತು. ಬಿಸಿಗೆ ಅರಗು ಕರಗಿ, ಆರುತ್ತಾ ಆರುತ್ತಾ ಚಮಚವನ್ನು ಬಟ್ಟಲಿಗೆ ಬೆಸೆದುಬಿಟ್ಟಿತ್ತು. ಆ ಕಡೆ ಶೋಭಾ, "ಆಂಟೀ, ನನ್ನ ಹೆಬ್ಬೆಟ್ಟು..." ಎಂದು ಹಳದಿ ಬಟ್ಟಲಿನ ಅಂಚಿನಿಂದ ಬೆರಳು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಳು. ನಮ್ಮ ಯಜಮಾನರಿಗೆ ಚಮಚದ ಹಂಗು ಎಂದೂ ಇಲ್ಲ. ಅಂಬಲಿ ಕುಡಿಯುವ ರೀತಿಯಲ್ಲಿ ಹಸಿರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದರು. ಬಟ್ಟಲಿನ ಜೊತೆಗೆ ಟೇಬಲ್ ಕ್ಲಾತ್ ಎದ್ದಿತು! ಕ್ಲಾತಿನ ಜೊತೆಗೆ ಉಳಿದ ಬಟ್ಟಲುಗಳೂ ಎದ್ದವು! ಕ್ರೀಮಿನ ಮೇಲೆ ಸ್ಟ್ರಾಬೆರಿಗಳು ಜಾರುಬಂಡೆ ಆಡುತ್ತಾ ಒಂದೊಂದೇ ನೆಲಕ್ಕಿಳಿದವು.

"ಲೇ ಸರೋಜಾ! ಬಟ್ಟಲು ಕೈ ಬುಡ್ತಾ ಇಲ್ಲ ಕಣೆ!"

"ಅಲ್ಲಾಡಬೇಡಿ ರೀ! ಸ್ಟ್ಯಾಚ್ಯೂ ಥರ ನಿಲ್ಲಿ!"

"ಅರಗಿನ ಮನೇಲಿ ಕೂರ್ಸಿ ಇಕ್ದಂಗಾಯ್ತಲ್ಲಮ್ಮಿ! ಬೆಂಕಿ ಒಂದ್ ಕಮ್ಮಿ ಆಗೈತೆ, ಅದ್ನೂ ಹಚ್ಬುಡು!"

ಪುಟ್ಟತಾಯಮ್ಮ ಕಿಟಕಿಯಿಂದ ಇಣುಕಿ, "ಒಸಿ ಎಣ್ಣೆ ಹಚ್ಚಿ ತಿರ್ಗುಸ್ರೀ!" ಎಂದು ಸಲಹೆ ಕೊಟ್ಟರು. ಎಣ್ಣೆ ಹಚ್ಚಿ ತಿರುಗಿಸಿದೆವು. ಯಜಮಾನರ ಅಂಗೈಗಳು ಹಸಿರಾದವು. ಶೋಭಾಳ ಹೆಬ್ಬೆಟ್ಟು ಅರಿಶಿನ ಶಾಸ್ತ್ರ ಮುಗಿಸಿ ಬಂದಂತಾಯಿತು. ನನ್ನ ಅತ್ತೆಯವರ ಕಾಲದ ಟೇಬಲ್ ಕ್ಲಾತು ಆ ದಿನದಿಂದ ಸೇವೆಯಿಂದ ನಿವೃತ್ತಿ ಹೊಂದಿತು.

ಇಷ್ಟೆಲ್ಲದರ ನಡುವೆ ಲಿಲ್ಲಿ ನೆಲಕ್ಕೆ ಬಿದ್ದವನ್ನು ಮುಟ್ಟದೆ, ಕ್ಲಾತಿನ ಅಂಚಿನಲ್ಲಿ ಉಳಿದಿದ್ದ ಒಂದೇ ಒಂದು ಸ್ಟ್ರಾಬೆರಿಯನ್ನು ಎತ್ತಿ ಬಾಯಿಗಿಟ್ಟುಕೊಂಡಳು. ಅವಳು ಅಗಿದಳು. ಹುಬ್ಬು ಗಂಟಿಕ್ಕಿದಳು.

"ಇದೇನಾ ಸ್ಟ್ರಾಬೆರಿ?"

"ಹೂಂ!"

"ಈ ಹುಳಿಗೋಸ್ಕರನಾ ಸರೂ, ಅಷ್ಟು ವರ್ಷ ನಾವು ಕಣ್ಣು ಮುಚ್ಕೊಂಡು ಕೂತಿದ್ದು?"

ನನ್ನ ಇಡೀ ಬಾಲ್ಯದ ಮೇಲೆ ಯಾರೋ ತಣ್ಣೀರು ಎರಚಿದಂತಾಯಿತು. ಆದರೆ ಸೋಲಲು ನಾನೇನು ಸಾಮಾನ್ಯಳೆ? ಒಳಗೆ ಓಡಿ, ಸ್ಟೀಲ್ ಬಟ್ಟಲಿನಲ್ಲೇ ಪ್ಲಾನ್ ಬಿ ತಂದೆ. ಬೆಲ್ಲ, ತುಪ್ಪ, ಏಲಕ್ಕಿ, ಬಾಳೆಹಣ್ಣಿನ ಚೂರು. ಲಿಲ್ಲಿ ಎರಡು ಚಮಚ ತಿಂದಳು. ಬಟ್ಟಲನ್ನು ಮೆಲ್ಲಗೆ ಸರಿಸಿದಳು.

"ಚೆನ್ನಾಗಿದೆ ಕಣೇ."

ಶೋಭಾಳೂ ನಾನೂ ಮುಖ ಮುಖ ನೋಡಿಕೊಂಡೆವು. ಆ ಮಾತೇ! ಅದೇ ನಯವಾದ, ಬಾಗಿಲು ಮುಚ್ಚುವ ಮಾತು. "ಸಪ್ಪೆ" ಎಂದಿದ್ದರೆ, "ಸೀದಿದೆ" ಎಂದಿದ್ದರೆ ನಾನು ಕುಣಿಯುತ್ತಿದ್ದೆ.

ಯಜಮಾನರು ಎದ್ದರು. ಹಸಿರು ಕೈಗಳಿಂದಲೇ ತಮ್ಮ ಅಂಬಲಿ ಚೊಂಬು ತಂದು, "ತಂಗ್ಯಮ್ಮ, ಇದ್ನೊಸಿ ಕುಡ್ದು ನೋಡವ್ವ. ಈರುಳ್ಳಿ ಕಡ್ಕಂಡು ಕುಡೀ, ಹೊಟ್ಟೆ ತಣ್ಗಾಯ್ತದೆ" ಎಂದರು. ಟು ಬಿ ಫ್ರಾಂಕ್, ಆ ಕ್ಷಣ ನನಗೆ ಎರಡು ಆಸೆಗಳು ಒಟ್ಟಿಗೇ ಹುಟ್ಟಿದವು. ಲಿಲ್ಲಿ ಕುಡಿಯಲಿ ಎಂದು. ಅದು ಇವರ ಅಂಬಲಿಯಾಗದಿರಲಿ ಎಂದು. ಎರಡನೆಯದು ನೆರವೇರಿತು. ಲಿಲ್ಲಿ ಎರಡು ಗುಟುಕು ಕುಡಿದು, ಬಾಯೊರೆಸಿಕೊಂಡು, "ಚೆನ್ನಾಗಿದೆ ಅಣ್ಣ" ಎಂದಳು.

ಇನ್ನೇನು ಉಳಿಯಿತು? ಮಗುವಿಗೆ ಹೇಳುವಂತೆ ಪುಸಲಾಯಿಸಿದೆ. ಹಾಸ್ಟೆಲ್ ಮಾನಿಟರಂತೆ ಗದರಿಸಿದೆ. "ನನಗೋಸ್ಕರ ಒಂದು ಚಮಚ" ಎಂದು ಕೈ ಹಿಡಿದೆ. ಲಿಲ್ಲಿ ಆ ಕೈಯನ್ನೇ ಮೆಲ್ಲಗೆ ತಟ್ಟಿದಳು.

"ಸರೂ, ನೀನೂ ಶುರು ಮಾಡಿದೆಯಾ? ಎಲ್ರೂ ನನ್ನ ಬಾಯನ್ನೇ ನೋಡ್ತಾರೆ ಕಣೇ. ಅಗಿದ್ನಾ, ನುಂಗಿದ್ನಾ, ಇನ್ನೊಂದು ತುತ್ತು ಹೋಯ್ತಾ ಅಂತ. ಅಷ್ಟು ಜನ ನೋಡ್ತಿದ್ರೆ ಗಂಟಲಲ್ಲಿ ನೀರೂ ಇಳಿಯಲ್ಲ."

"ಯಾರು ನೋಡ್ತಿದ್ದಾರೆ? ಯಾರೂ ನೋಡ್ತಿಲ್ಲ!" ಎಂದೆ ನಾನು, ಅವಳ ಬಾಯನ್ನೇ ನೋಡುತ್ತಾ. ಶೋಭಾಳೂ ನೋಡುತ್ತಿದ್ದಳು. ಯಜಮಾನರೂ ನೋಡುತ್ತಿದ್ದರು. ಕಿಟಕಿಯಲ್ಲಿ ಪುಟ್ಟತಾಯಮ್ಮ ಅಂತೂ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು.

ಹೊರಡುವ ಹೊತ್ತಾಯಿತು. ಶೋಭಾ ಬಾಗಿಲಲ್ಲಿ ನನ್ನ ಪಕ್ಕ ಬಂದು, "ಪರವಾಗಿಲ್ಲ ಆಂಟಿ, ನೀವು ಟ್ರೈ ಮಾಡಿದ್ರಲ್ಲ" ಎಂದಳು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಒಳಗೆ ಹೋಗಿ ತಪ್ಪಲೆಯಿಂದ ಒಂದು ಡಬ್ಬಿಗೆ ಗಂಜಿ ತುಂಬಿದೆ. ಹೌದು, ಆ ಹೊತ್ತಿಗೆ ನಾನೂ ಅದನ್ನು ಗಂಜಿ ಎನ್ನತೊಡಗಿದ್ದೆ. ಕ್ರೀಮಿಲ್ಲ, ಜೇನಿಲ್ಲ, ಉಪ್ಪು ಬಿಟ್ಟರೆ ಏನೂ ಇಲ್ಲದ ಬೋಳು ರಾಗಿ ಗಂಜಿ. ಕಾರಿನಲ್ಲಿ ಕೂತಿದ್ದ ಲಿಲ್ಲಿಯ ಮಡಿಲಲ್ಲಿಟ್ಟು, "ದಾರೀಲಿ ಬೇಕಾದರೆ..." ಎಂದೆ. ಅವಳು ನನ್ನ ಕೆನ್ನೆ ಮುಟ್ಟಿ, ಕೂದಲಿನಲ್ಲಿ ಇನ್ನೂ ಅಂಟಿಕೊಂಡಿದ್ದ ಒಂದು ರಾಗಿ ಗಂಟನ್ನು ಬಿಡಿಸಿ ಆಚೆ ಎಸೆದಳು. ಕಾರು ಹೊರಟಿತು.

ಒಳಗೆ ಬಂದು ನೋಡಿದರೆ ಟೇಬಲ್ ಮೇಲೆ ಸ್ಟೀಲ್ ಚಮಚ! ಡಬ್ಬಿ ಕೊಟ್ಟೆ, ಚಮಚ ಕೊಟ್ಟಿಲ್ಲ! ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು, ತಿನ್ನಲಾರದವಳಿಗೆ ಗಂಜಿ ಕಟ್ಟಿಕೊಟ್ಟು ತಿನ್ನುವ ಉಪಕರಣವನ್ನು ಮನೆಯಲ್ಲೇ ಇಟ್ಟುಕೊಂಡವಳು!

"ರೀ! ಸ್ಪೂನು! ಸ್ಪೂನು!"

"ಬುಡಮ್ಮಿ, ಅವ್ಳೇನ್ ತಿಂದಾಳಾ? ಎಲ್ಲಿಗ್ ಓಡ್ತೀಯೆ? ಮಂಡಿ ನೋವು ಅಂತಿದ್ದೆ!"

ಮಂಡಿಗೆ ಹೇಳಿಕೊಂಡು ಓಡುವ ಸಮಯ ಅದಲ್ಲ. ಚಮಚ ಹಿಡಿದು ಬೀದಿಗಿಳಿದೆ. ನಮ್ಮ ಬೀದಿಯಿಂದ ಹೈವೇ ಸೇರಬೇಕಾದರೆ ರೈಲ್ವೆ ಗೇಟು ದಾಟಬೇಕು. ದೇವರ ದಯೆ, ಮೈಸೂರಿನ ರೈಲು ಬರುವ ಹೊತ್ತು, ಗೇಟು ಹಾಕಿತ್ತು. ಗೇಟಿನ ಮುಂದೆ ಶೋಭಾಳ ಕಾರು ಕಾಣಿಸಿತು. ಅವಳು ಕೆಳಗಿಳಿದು, ಆಚೆ ತಿರುಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಚಮಚ, ಬಾಯಲ್ಲಿ ಏದುಸಿರು, ಹೀಗೆ ನಾನು ಸಾಗಿದ ಗಾಂಭೀರ್ಯವನ್ನು ಕಂಡು ನಾಯಿಗಳೂ ದಾರಿ ಬಿಟ್ಟವು.

ಕಾರಿನ ಹಿಂದೆ ಒಂದು ಆಟೋ. ಆಟೋ ಹತ್ತಿರ ಬ್ರೇಕ್ ಹಾಕಿದಂತೆ ನಿಂತುಬಿಟ್ಟೆ.

ಕಾರಿನ ಕಿಟಕಿಯ ಪಕ್ಕ, ಗೇಟು ಬಿದ್ದಾಗಲೆಲ್ಲ ಬರುವ ಒಬ್ಬ ಹೆಂಗಸು ಬುಟ್ಟಿ ಹೊತ್ತು ನಿಂತಿದ್ದಳು. ಬುಟ್ಟಿಯಲ್ಲಿ ಹೆಚ್ಚಿದ ಮಾವಿನಕಾಯಿ, ಸೌತೆಕಾಯಿ, ಹುರಿದ ಕಡಲೆಕಾಯಿ ಬೀಜ, ಉಪ್ಪುಖಾರದ ಡಬ್ಬಿ. ಕಿಟಕಿಯಿಂದ ಲಿಲ್ಲಿಯ ಕೈ ಹೊರಗೆ ಚಾಚಿತ್ತು. ಆ ಕೈಯಲ್ಲಿ ನನ್ನ ಡಬ್ಬಿ, ಮುಚ್ಚಳ ತೆರೆದಿತ್ತು.

"ಇದ್ರ ಮೇಲೆ ಹಾಕವ್ವ. ಮಾವಿನಕಾಯಿ ಸಣ್ಣಗೆ. ಹೂಂ. ಬೀಜಾನೂ ಹಾಕು."

"ಗಂಜಿ ಮೇಲಾ ಅಮ್ಮಾ? ಯಾರೂ ಇಂಗೆ ಕೇಳಿದ್ದೇ ಇಲ್ಲ!"

"ನೀನು ಹಾಕು. ಖಾರ ಒಸಿ ಜಾಸ್ತಿ. ಬೇಗ, ನನ್ನ ಮಗಳು ನೋಡ್ಬಿಟ್ಟಾಳು!"

ನನ್ನ ಲಿಲ್ಲಿ ಮಗಳ ಬೆನ್ನನ್ನು ಒಮ್ಮೆ ನೋಡಿ, ಡಬ್ಬಿಯನ್ನು ಮಡಿಲಿಗೆಳೆದುಕೊಂಡು, ಐದೂ ಬೆರಳು ಗಂಜಿಗೆ ಹಾಕಿ ಕಲಸಿದಳು. ಬಾಯಿ ತುಂಬ ತುಂಬಿಕೊಂಡಳು. ಕಡಲೆಕಾಯಿ ಬೀಜ ಕಟಕಟ ಅಗಿದಳು. ಖಾರಕ್ಕೆ ಹಾ ಎಂದು ಬಾಯಿ ತೆರೆದು ಗಾಳಿ ಎಳೆದುಕೊಂಡು, ಮತ್ತೆ ಒಂದು ತುತ್ತು. ಮತ್ತೊಂದು! ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ಖಾರದ ನೀರು. ಬೆರಳನ್ನು ಬುಡದಿಂದ ತುದಿಯವರೆಗೆ ನೆಕ್ಕಿದಳು. ಇಡೀ ಸಿಸ್ಟರ್ ಸಮೂಹಕ್ಕೆ ಮೂರ್ಛೆ ಬರುವಂಥ ಟೇಬಲ್ ಮ್ಯಾನರ್ಸ್!

"ಲಿಲ್ಲೀ!" ಎಂದು ಕೂಗಿ ಕುಣಿಯಬೇಕೆಂದು ಬಾಯಿ ತೆರೆದೆ. ಮುಚ್ಚಿಕೊಂಡೆ. ನಾನು ಎದುರಿಗೆ ಹೋದರೆ ಆಯಿತು, ಅವಳು ಬಾಯೊರೆಸಿಕೊಂಡು, "ಚೆನ್ನಾಗಿದೆ ಕಣೇ" ಎಂದುಬಿಡುತ್ತಾಳೆ. ಬಗ್ಗಿ ಆಟೋದ ಹಿಂದೆ ಅವಿತುಕೊಂಡೆ. ಎದೆಯಲ್ಲಿ ಡೋಲು ಬಾರಿಸಿದಷ್ಟು ಸಂತೋಷ! ತಿಂತಿದ್ದಾಳೆ! ತಿಂತಿದ್ದಾಳೆ!

ಆಟೋ ಡ್ರೈವರ್ ತಲೆ ಹೊರಗೆ ಹಾಕಿದ. "ಏನಜ್ಜೀ, ಏನಾರಾ ಬಿದ್ದೋಯ್ತಾ?"

"ಶ್! ಸುಮ್ನಿರಪ್ಪಾ!"

"ಚಮಚ ಹಿಡ್ಕಂಡು ಯಾರ್ನ ಕಾಯ್ತಾ ಇದ್ದೀರಿ?"

ರೈಲು ಧಡಧಡನೆ ಹೋಯಿತು. ಗೇಟು ಎದ್ದಿತು. ಶೋಭಾ ಓಡಿಬಂದು ಕಾರು ಹತ್ತಿದಳು. ಕಾರು ಹಳಿಗಳ ಮೇಲೆ ಕುಲುಕಾಡಿ ಆಚೆ ಹೋಗುವಾಗ ಹಿಂದಿನ ಗಾಜಿನಲ್ಲಿ ಒಂದು ಬಿಳಿ ತಲೆ ಕಂಡಿತು. ಡಬ್ಬಿಯ ಮೇಲೆ ಪೂರ್ತಿ ಬಾಗಿತ್ತು. ತಳ ಕೆರೆಯುತ್ತಿತ್ತೆಂದು ತೋಳಿನ ಅಲುಗಾಟದಿಂದಲೇ ಗೊತ್ತಾಗುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಯಾಕೆ ನೋಡುತ್ತಾಳೆ, ಅಷ್ಟು ಕೆಲಸವಿರುವಾಗ!

ಲಿಲ್ಲಿಯನ್ನು ನಾನು ಕಡೆಯ ಸಲ ನೋಡಿದ್ದು ಹಾಗೆ.

ಬುಟ್ಟಿಯ ಹೆಂಗಸು ನನ್ನ ಹತ್ತಿರ ಬಂದು, "ನಿಮ್ಗೂ ಗಂಜಿ ಮೇಲೆ ಹಾಕ್ಕೊಡ್ಲಾ ಅಮ್ಮಾ? ಆ ಕಾರ್ನೋರ್ಗೆ ಹಾಕ್ಕೊಟ್ಟೆ, ಶ್ಯಾನೆ ಚೆಂದಾಗಿ ತಿಂದ್ರು. ಎಲ್ಲಿ, ನಿಮ್ಮ ಡಬ್ಬಿ ಕೊಡಿ" ಎಂದಳು.

ನನ್ನ ಹತ್ತಿರ ಡಬ್ಬಿ ಇರಲಿಲ್ಲ. ಚಮಚ ಒಂದೇ ಇತ್ತು.